ರಾಗಿಗುಡ್ಡದ ಸೀಮೆಯ ವಾಯುಗುಣವೂ ಶಾಸನಗಳ ಸಾಕ್ಷ್ಯವೂ

ಶಿವಮೊಗ್ಗ ನಗರಕ್ಕೆ ಸೇರಿದ ರಾಗಿಗುಡ್ಡವು ಮಲೆನಾಡೂ ಅಲ್ಲದ, ಬಯಲುಸೀಮೆಯೂ ಅಲ್ಲದ ನೆಲದಲ್ಲಿ ನಿಂತಿದೆ. ಇದಕ್ಕೆ ಪಶ್ಚಿಮದಲ್ಲಿ ನೂರು ಕಿಲೋಮೀಟರಿನೊಳಗಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಶಿವಮೊಗ್ಗದಲ್ಲಿ ಬೀಳುವುದು ಅದರ ಏಳೆಂಟರಲ್ಲಿ ಒಂದು ಪಾಲು. ಪೂರ್ವಕ್ಕೆ ಸರಿದಷ್ಟೂ ಅದು ಇನ್ನೂ ಕ್ಷೀಣಿಸಿ, ಭತ್ತದ ಗದ್ದೆಗಳು ಹಿಂದಾಗಿ ರಾಗಿ ಜೋಳಗಳ ಹೊಲಗಳು ಮುಂದಾಗುತ್ತವೆ. ಗುಡ್ಡದ ಹೆಸರನ್ನೇ ಈ ಬೆಳೆಗಳ ಎಲ್ಲೆಗಲ್ಲೆಂದು ಹಿಡಿಯಲು ಮನಸ್ಸೆಳೆಯುವುದು ಸಹಜ. ಆದರೆ ಸ್ಥಳನಾಮಗಳ ವಿಷಯದಲ್ಲಿ ಆತುರ ಸಲ್ಲದು. ಬೆಂಗಳೂರಿನಲ್ಲಿ ಇದೇ ಹೆಸರಿನ ಗುಡ್ಡಕ್ಕೆ ರಾಗಿಯ ರಾಶಿಯು ಕಲ್ಲಾದ ಐತಿಹ್ಯವುಂಟೇ ಹೊರತು ಮಳೆಯ ಸಂಬಂಧವಿಲ್ಲ. ಹೆಸರನ್ನು ಬದಿಗಿಟ್ಟು ಈ ಸೀಮೆಯ ನೆಲವನ್ನೂ ಬರಹಗಳನ್ನೂ ವಿಚಾರಿಸುವುದು ಲೇಸು.

ಹಿಂದಿನ ಕಾಲದಲ್ಲಿ ತಿಂಗಳಿಗೆ ಮೂರು ಮಳೆ ತಪ್ಪದೆ ಬರುತ್ತಿದ್ದುವು, ಈಗಲೇ ವಾಯುಗುಣ ಕೆಟ್ಟಿತು ಎಂಬ ನಂಬಿಕೆ ಸಾಮಾನ್ಯ ಜನರಲ್ಲಿ ಮಾತ್ರವಲ್ಲ, ವಿದ್ವಾಂಸರಲ್ಲಿಯೂ ಉಂಟು. ಇದಕ್ಕೆ ಆಧಾರವೆಂದು ಹೇಳುವುವು ಕಾವ್ಯಗಳ ಮಳೆಗಾಲದ ವರ್ಣನೆಗಳು, ಶಾಸನಗಳಲ್ಲಿ ಬರುವ ದೇಶವರ್ಣನೆಗಳು. ದಂಡಿಯೇ ಮೊದಲಾದ ಲಾಕ್ಷಣಿಕರು ಋತುವರ್ಣನೆಯನ್ನು ಮಹಾಕಾವ್ಯದ ಅಂಗವೆಂದು ವಿಧಿಸಿರುವುದರಿಂದ, ಬರಗಾಲದಲ್ಲಿ ಕುಳಿತ ಕವಿಯೂ ತುಂಬಿದ ಹೊಳೆಯನ್ನೇ ವರ್ಣಿಸಬೇಕಾಗಿತ್ತು. ಅಂಥ ಪದ್ಯಗಳಿಂದ ಕವಿಸಮಯವು ತಿಳಿಯುವುದೇ ಹೊರತು ಮಳೆಯ ಪ್ರಮಾಣವು ತಿಳಿಯದು.

ಶಾಸನಗಳಲ್ಲಿ ಸಾಕ್ಷ್ಯವಿರುವುದು ಬೇರೆ ಕಡೆಯಲ್ಲಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಣ ಸ್ತಂಭಶಾಸನವು ಕದಂಬ ಶಾಂತಿವರ್ಮನ ಕಾಲದ್ದು, ಕ್ರಿ. ಶ. 5ನೆಯ ಶತಮಾನಕ್ಕೆ ಸೇರಿದುದು. ಕುಬ್ಜನೆಂಬ ಕವಿಯ ಈ ಸಂಸ್ಕೃತ ರಚನೆಯನ್ನು ಚರಿತ್ರಕಾರರು ಮಯೂರಶರ್ಮನ ವೃತ್ತಾಂತಕ್ಕಾಗಿ ಓದುವುದೇ ವಾಡಿಕೆ. ಆದರೆ ಶಾಸನವು ಹುಟ್ಟಿದ್ದು ಅದಕ್ಕಾಗಿ ಅಲ್ಲ. ಶಿವಾಲಯದ ಬಳಿಯಲ್ಲಿ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನು ಲೋಕಕ್ಕೆ ತಿಳಿಸುವುದಕ್ಕಾಗಿ. ವಂಶಾವಳಿಯೆಲ್ಲ ಆ ಕೆರೆಗೆ ಪೀಠಿಕೆ. ಮಳೆಯು ವೇಳೆಗೆ ಸರಿಯಾಗಿ ಬರುತ್ತಿದ್ದ ನಾಡಿನಲ್ಲಿ ಅರಸನು ನೀರನ್ನು ಕೂಡಿಡುವುದಕ್ಕೆ ಇಷ್ಟು ಶ್ರಮಪಡಬೇಕಾದುದಿಲ್ಲ. ದೇವತಾಕಾರ್ಯಕ್ಕೆ ನೀರು ಬೇಕೆಂಬುದೂ, ಪುಣ್ಯಕ್ಕಾಗಿ ಕೆರೆ ಕಟ್ಟಿಸುತ್ತಿದ್ದರೆಂಬುದೂ ನಿಜ; ಆದರೆ ಕೆರೆಯನ್ನು ಪುಣ್ಯಕಾರ್ಯವೆಂದು ಎಣಿಸಿದ ಕಾರಣವೇ ನೀರಿನ ಅನಿಶ್ಚಯವಲ್ಲವೆ? 1902ರಲ್ಲಿ ರೈಸ್ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದತಕ್ಕದ್ದು. ಈ ಹಿಂದೆ ಶಿವಮೊಗ್ಗ ಜಿಲ್ಲೆಗೇ ಸೇರಿದ್ದು 1997ರಲ್ಲಿ ದಾವಣಗೆರೆಗೆ ಹೋದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯೂ ಇದೇ ಎಲ್ಲೆಯ ಮೇಲಿನದು.

ಶಾಸ್ತ್ರಗ್ರಂಥಗಳು ಕಾವ್ಯಗಳಿಗಿಂತ ಹೆಚ್ಚು ನಂಬತಕ್ಕವು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದೊಳಗೆ ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಜಾಂಗಲ ದೇಶಕ್ಕೆ 16 ದ್ರೋಣ, ಆನೂಪಕ್ಕೆ ಅದರ ಒಂದೂವರೆಯಷ್ಟು ಎಂದು ಹೇಳಿ, ಪಶ್ಚಿಮ ಕರಾವಳಿಯ ಅಪರಾಂತಕ್ಕೆ ಬಂದಾಗ ಗ್ರಂಥಕಾರನು ಸಂಖ್ಯೆಯನ್ನೇ ಕೈಬಿಟ್ಟು ಅಲ್ಲಿಯ ಮಳೆ ಅಳತೆಗೆ ಮೀರಿದುದೆನ್ನುತ್ತಾನೆ. ಗ್ರಂಥದ ಕಾಲವು ವಿವಾದಾಸ್ಪದವಾದರೂ ಇಷ್ಟು ಸ್ಪಷ್ಟ: ಘಟ್ಟದ ಪಶ್ಚಿಮಕ್ಕೂ ಪೂರ್ವಕ್ಕೂ ಇಂದು ಕಾಣುವ ಭೇದವು ಆಗಲೂ ಕಣ್ಣಿಗೆ ಹೊಡೆಯುವಂತಿತ್ತು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘವು ಗರ್ಭವನ್ನು ತಾಳಿ 195 ದಿನಗಳ ಮೇಲೆ ಪ್ರಸವಿಸುವುದೆಂದಿದ್ದಾನೆ. ಈ ಲೆಕ್ಕವನ್ನು ಇಂದಿನ ವಿಜ್ಞಾನವು ಒಪ್ಪುವುದಿಲ್ಲ. ಅದರಲ್ಲಿ ಆಧುನಿಕ ಸಿದ್ಧಾಂತಗಳನ್ನೆಲ್ಲ ಕಾಣುವ ಉತ್ಸಾಹಿಗಳನ್ನು ಒಪ್ಪುವುದೂ ಕಷ್ಟ. ಆದರೂ ಒಂದು ಋತುವಿನ ಮಳೆಗೆ ಕಾರಣವನ್ನು ಹಿಂದಿನ ಋತುವಿನಲ್ಲಿ ಹುಡುಕಬೇಕೆಂಬ ದೃಷ್ಟಿ ಹೇಯವಲ್ಲ.

ಆ ಭೇದಕ್ಕೆ ಕಾರಣ ಸಹ್ಯಾದ್ರಿ. ಬೇಸಗೆಯಲ್ಲಿ ನೆಲವು ಕಡಲಿಗಿಂತ ಹೆಚ್ಚಾಗಿ ಕಾಯುವುದರಿಂದ ನೈರುತ್ಯದ ಗಾಳಿ ನೀರಾವಿಯನ್ನು ಹೊತ್ತು ಬಂದು ಘಟ್ಟವನ್ನೇರುತ್ತದೆ. ಏರಿ ತಣ್ಣಗಾಗಿ ಮಳೆಗರೆಯುತ್ತದೆ. ಆಚೆಗಿಳಿಯುವಾಗ ಬಿಸಿಯೇರಿ ಒಣಗುತ್ತದೆ. ಈ ಗೋಡೆಯಾದರೂ ಅನಾದಿಯಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಮೇಲೆ ಪಶ್ಚಿಮದ ಅಂಚು ಈ ರೂಪವನ್ನು ತಾಳುತ್ತ ಬಂದಿತು. ಅದಕ್ಕಿಂತಲೂ ಎಷ್ಟೋ ಹಳೆಯದು ಬಾಬಾಬುಡನ್ ಗಿರಿಗಳ ಕಬ್ಬಿಣದ ಶಿಲೆ. 250 ಕೋಟಿ ವರ್ಷಗಳಿಗೂ ಹಿಂದೆ, ವಾಯುವಿನಲ್ಲಿ ಆಮ್ಲಜನಕವು ಬಹಳ ಅಲ್ಪವಾಗಿದ್ದಾಗ, ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣವು ತಳದಲ್ಲಿ ಪದರಪದರವಾಗಿ ನಿಂತುದೇ ಅದು. ಆಗ ಸೂರ್ಯನ ಕಾಂತಿ ಇಂದಿಗಿಂತ ಮಂದವಾಗಿತ್ತು. ನೆಲವು ಹೆಪ್ಪುಗಟ್ಟದೆ ಉಳಿದುದು ವಾಯುಮಂಡಲದಲ್ಲಿ ತಾಪವನ್ನು ಹಿಡಿದಿಡುವ ಅನಿಲಗಳು ಹೆಚ್ಚಾಗಿದ್ದುದರಿಂದ.

ಇನ್ನು ಸಹಸ್ರಾರು ವರ್ಷಗಳ ಏರಿಳಿತಕ್ಕೆ ಮುಖ್ಯ ಕಾರಣ ಭೂಮಿಯ ಗತಿಭೇದ. ಅಯನಚಲನವನ್ನು ನಮ್ಮ ಸಿದ್ಧಾಂತಕಾರರು ಪಂಚಾಂಗಗಣಿತಕ್ಕಾಗಿ ಲೆಕ್ಕ ಹಾಕಿದರು. ಸುಮಾರು 26,000 ವರ್ಷಗಳ ಆ ಚಲನವೂ, ಅಕ್ಷದ ಓರೆ ಮತ್ತು ಕಕ್ಷೆಯ ಆಕಾರಗಳೂ ಕೂಡಿ ಹಿಮಯುಗಗಳಿಗೆ ಕಾರಣವಾಗುವುದನ್ನು ಸರ್ಬಿಯದ ಮಿಲಾಂಕೊವಿಚ್ 1941ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. 20,000 ವರ್ಷಗಳ ಹಿಂದೆ ಹಿಮವು ಅತಿಶಯವಾಗಿದ್ದಾಗ ಭಾರತದ ಮುಂಗಾರು ದುರ್ಬಲವಾಗಿತ್ತು. 9,000 ವರ್ಷಗಳ ಹಿಂದೆ ಇಂದಿಗಿಂತ ಪ್ರಬಲವಾಗಿತ್ತು. ಬಳಿಕ ಕ್ರಮವಾಗಿ ಇಳಿಯಿತು. ಕದಂಬರು ಕೆರೆ ಕಟ್ಟಿಸಿದುದು ಈ ಇಳಿತವಾದ ಬಹುಕಾಲದ ಮೇಲೆ.

ವರ್ಷದಿಂದ ವರ್ಷಕ್ಕೆ ತೋರುವ ವ್ಯತ್ಯಾಸಕ್ಕೆ ಮೂಲವು ಇನ್ನೂ ದೂರದಲ್ಲಿದೆ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು (1876–78) ಮೈಸೂರು ಸಂಸ್ಥಾನವನ್ನು ಎಷ್ಟು ಹಾಳುಮಾಡಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಅದೇ ಸಮಯದಲ್ಲಿ ಉತ್ತರ ಚೀನದಲ್ಲಿಯೂ ಬ್ರೆಜಿಲಿನ ಈಶಾನ್ಯದಲ್ಲಿಯೂ ಮಳೆ ಕೈಕೊಟ್ಟಿತು. ಪೆಸಿಫಿಕ್ ಸಾಗರದ ಮಧ್ಯ ಮತ್ತು ಪೂರ್ವಭಾಗಗಳು ಅಸಾಧಾರಣವಾಗಿ ಕಾದಿದ್ದುವು. 1904ರಿಂದ 1924ರ ವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು ಮುಂಗಾರನ್ನು ಮುಂದಾಗಿ ಅರಿಯಲು ಹೊರಟು, ಆ ಸಾಗರದ ಎರಡು ಅಂಚುಗಳ ವಾಯುಭಾರವು ತಕ್ಕಡಿಯಂತೆ ಏರಿಳಿಯುವುದನ್ನು ಕಂಡುಕೊಂಡನು. ಅರಸನ ಪಾಪದಿಂದ ಮಳೆ ತಪ್ಪುವುದೆಂಬ ಮಾತಿಗೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ. ಆದರೆ ಅರಸನ ಕೆರೆಗಳು ಹೂಳು ತುಂಬಿದ್ದರೆ ಜನ ಸಾಯುವುದರಲ್ಲಿ ಅವನ ಪಾಲಿಲ್ಲವೆಂದು ಅರ್ಥವಲ್ಲ.

ಈಗ ಮನುಷ್ಯನೂ ಕಾರಣಗಳ ಸಾಲಿಗೆ ಸೇರಿರುವನು. ಭದ್ರಾವತಿಯಲ್ಲಿ ಮೈಸೂರು ಸರ್ಕಾರವು 1918ರಲ್ಲಿ ಸ್ಥಾಪಿಸಿದ ಕಾರ್ಖಾನೆಯು 1923ರಿಂದ ಕೆಮ್ಮಣ್ಣುಗುಂಡಿಯ ಅದುರನ್ನು ಕಾಡಿನ ಮರದ ಇದ್ದಲಿನಿಂದ ಕರಗಿಸತೊಡಗಿತು. ಕಡಿದ ಕಾಡು ಮತ್ತೆ ಬೆಳೆದರೆ ಇದ್ದಲಿನ ಇಂಗಾಲವು ಮರಕ್ಕೆ ಮರಳಬಹುದು; ನೆಲದಾಳದ ಕಲ್ಲಿದ್ದಲಿಗೂ ಎಣ್ಣೆಗೂ ಆ ಮರಳುವಿಕೆ ಇಲ್ಲ. ಯಂತ್ರಯುಗಕ್ಕೆ ಮೊದಲು ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲವು, ಕೀಲಿಂಗನು ಹವಾಯಿಯಲ್ಲಿ ಅಳೆಯತೊಡಗಿದ 1958ರಲ್ಲಿ 315 ಆಗಿದ್ದಿತು. ಈಗ 420ನ್ನು ದಾಟಿದೆ. ಅಕ್ಷದ ಓರೆಗೆ ಸಹಸ್ರಾರು ವರ್ಷಗಳು ಬೇಕಾದರೆ ಇದಕ್ಕೆ ಎರಡು ಶತಮಾನಗಳು ಸಾಕಾದುವು.

ಶಾಸನಗಳು ಹೇಳದಿರುವುದನ್ನು ಕೆರೆಗಳ ತಳದಿಂದ ತಿಳಿಯಬಹುದು. ವರ್ಷವರ್ಷವೂ ಕೂಡಿದ ಹೂಳಿನ ಪದರಗಳಲ್ಲಿ ಅಂದಂದಿನ ಗಿಡಮರಗಳ ಪರಾಗವು ಉಳಿದಿರುತ್ತದೆ. ಅದರಿಂದ ಕಾಡು ಹೆಚ್ಚಿದ ಕಾಲವನ್ನೂ ಒಣಗಿದ ಕಾಲವನ್ನೂ ಬೇರ್ಪಡಿಸುವ ವಿಧಾನವು ವಿಜ್ಞಾನಿಗಳಲ್ಲಿ ರೂಢವಾಗಿದೆ. ಹೂಳೆತ್ತುವಾಗ ಪದರಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಕೆರೆಗೆ ಸಲಿಕೆ ಇಳಿಯುವ ಮೊದಲು ಮಣ್ಣಿನ ಒಂದು ಕಂಬವನ್ನು ಕೊರೆದು ತೆಗೆದಿಡುವುದು ಶಾಸನದ ಪಡಿಯಚ್ಚನ್ನು ತೆಗೆಯುವುದಕ್ಕಿಂತ ಬಹಳ ದೊಡ್ಡ ಕೆಲಸವೇನೂ ಅಲ್ಲ.