ಪಿಸ್ಟನ್ನಿನಿಂದ ಸ್ಕ್ರೂ ಕಂಪ್ರೆಸರಿಗೆ: ಡೇರಿಗಳ ಅಮೋನಿಯಾ ಶೀತಲ ಘಟಕಗಳಲ್ಲಿ ಬದಲಾವಣೆಯ ಲಾಭ-ನಷ್ಟದ ವಿವೇಚನೆ

ಸಾರಾಂಶ

ಹಳೆಯ ಪಿಸ್ಟನ್ ಕಂಪ್ರೆಸರನ್ನು ತೆಗೆದು ಸ್ಕ್ರೂ ಕಂಪ್ರೆಸರನ್ನು ಕೂರಿಸಿದರೆ ವಿದ್ಯುತ್ ಉಳಿಯುತ್ತದೆ ಎಂಬ ನಂಬಿಕೆ ಡೇರಿ ಉದ್ಯಮದಲ್ಲಿ ಬಲವಾಗಿದೆ. ಉಳಿತಾಯ ಯಂತ್ರದ ಜಾತಿಯಿಂದ ಬರುವುದಿಲ್ಲ. ಒತ್ತಡದ ಅನುಪಾತ, ಅರೆಹೊರೆಯ ಓಟ ಮತ್ತು ತೈಲದ ಶಾಖ ಈ ಮೂರನ್ನೂ ಘಟಕಕ್ಕೆ ಹೊಂದಿಸಿದಾಗ ಮಾತ್ರ ದೊರೆಯುತ್ತದೆ ಎಂಬುದು ಈ ಲೇಖನದ ವಾದ. ಸ್ಥಿರ ಹೊರೆಗೆ ಸ್ಕ್ರೂ, ಏರಿಳಿತದ ಹೊರೆಗೆ ಪಿಸ್ಟನ್ ಎಂಬ ಮಿಶ್ರ ವ್ಯವಸ್ಥೆಯನ್ನು ಇಲ್ಲಿ ಸಮರ್ಥಿಸಲಾಗಿದೆ.

1. ಹಿನ್ನೆಲೆ

ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ಅಮೋನಿಯಾ ಕಂಪ್ರೆಸರನ್ನು ಬಿಯರ್ ಕಾರ್ಖಾನೆಗಳ ಬಳಕೆಗೆ ಒಗ್ಗಿಸಿದ. ಅಲ್ಲಿಂದ ಬಹುಕಾಲ ಕೈಗಾರಿಕಾ ಶೀತಲೀಕರಣವೆಂದರೆ ಪಿಸ್ಟನ್ ಯಂತ್ರವೇ ಆಗಿತ್ತು. ಸ್ವೀಡನ್ನಿನ ಆಲ್ಫ್ ಲಿಶೋಲ್ಮ್ 1930ರ ದಶಕದಲ್ಲಿ ಜೋಡಿ ರೋಟರುಗಳ ಸ್ಕ್ರೂ ಕಂಪ್ರೆಸರನ್ನು ರೂಪಿಸಿದ. ರೋಟರುಗಳ ನಡುವೆ ತೈಲ ಚಿಮ್ಮಿಸುವ ವಿಧಾನ ಬಳಕೆಗೆ ಬಂದ ನಂತರವೇ ಅದು ಶೀತಲೀಕರಣದಲ್ಲಿ ವ್ಯಾಪಕವಾಯಿತು. ತೈಲ ಅಲ್ಲಿ ಸಂದುಗಳನ್ನು ಮುಚ್ಚುತ್ತದೆ, ಶಾಖ ಹೀರುತ್ತದೆ, ಲೋಹದ ಸವೆತ ತಡೆಯುತ್ತದೆ.

ಕರ್ನಾಟಕದ ಡೇರಿಗಳಿಗೆ ಹಾಲು ದಿನಕ್ಕೆ ಎರಡು ಹೊತ್ತು ಬರುತ್ತದೆ. ಅದನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಬೇಕು. ಆದ್ದರಿಂದ ಶೀತದ ಬೇಡಿಕೆ ಕೆಲವು ತಾಸು ಉಕ್ಕಿ, ಉಳಿದ ಹೊತ್ತು ತಗ್ಗುತ್ತದೆ. ಐಸ್ ಬ್ಯಾಂಕ್ ಟ್ಯಾಂಕು ಈ ಏರಿಳಿತವನ್ನು ಸ್ವಲ್ಪ ಸಮಗೊಳಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಯಂತ್ರದ ಆಯ್ಕೆಯನ್ನು ಈ ಬೇಡಿಕೆಯ ಸ್ವಭಾವದಿಂದಲೇ ಆರಂಭಿಸಬೇಕು.

2. ಒತ್ತಡದ ಅನುಪಾತ

ಅಮೋನಿಯಾ −10 ಡಿಗ್ರಿಯಲ್ಲಿ ಕುದಿಯುವಾಗ ಅದರ ನಿರಪೇಕ್ಷ ಒತ್ತಡ ಸುಮಾರು 2.91 ಬಾರ್, 40 ಡಿಗ್ರಿಯಲ್ಲಿ ದ್ರವವಾಗುವಾಗ ಸುಮಾರು 15.55 ಬಾರ್. ಅಂದರೆ ಅನುಪಾತ 5.35. ಪಿಸ್ಟನ್ ಯಂತ್ರದಲ್ಲಿ ಸಿಲಿಂಡರಿನ ತುದಿಯ ತೆರಪಿನಲ್ಲಿ ಉಳಿದ ಅನಿಲ ಮತ್ತೆ ಹಿಗ್ಗಿ ಹೊಸ ಅನಿಲದ ಜಾಗವನ್ನು ಕಬಳಿಸುತ್ತದೆ. ತೆರಪು ಶೇ 4, ಸಂಪೀಡನದ ಘಾತಾಂಕ 1.3 ಎಂದು ಹಿಡಿದರೆ ಈ ಅನುಪಾತದಲ್ಲಿ ಘನಗಾತ್ರ ದಕ್ಷತೆ ಸುಮಾರು ಶೇ 90. ಇದು ಒಳ್ಳೆಯ ಅಂಕಿಯೇ. ಅದೇ ಮೀನು ಹೆಪ್ಪುಗಟ್ಟಿಸುವ ಘಟಕದಲ್ಲಿ −40ರಿಂದ 35 ಡಿಗ್ರಿಗೆ ಒಂದೇ ಹಂತದಲ್ಲಿ ಏರಿಸಹೊರಟರೆ ಅನುಪಾತ 19ರ ಹತ್ತಿರ ಹೋಗಿ, ದಕ್ಷತೆ ಶೇ 66ಕ್ಕೆ ಕುಸಿಯುತ್ತದೆ; ಹೊರಬರುವ ಅನಿಲದ ಉಷ್ಣಾಂಶ ಲೆಕ್ಕದ ಪ್ರಕಾರ 180 ಡಿಗ್ರಿ ಮೀರುತ್ತದೆ. ಅಲ್ಲಿ ಪಿಸ್ಟನ್‌ಗೆ ಎರಡು ಹಂತ ಅನಿವಾರ್ಯ, ಸ್ಕ್ರೂ ಯಂತ್ರದ ಮೇಲುಗೈ ಸ್ಪಷ್ಟ. ಡೇರಿಯ ಉಷ್ಣಾಂಶದಲ್ಲಿ ಆ ಮೇಲುಗೈ ಅಷ್ಟು ಸುಲಭವಾಗಿ ಸಿಗದು.

ಪಿಸ್ಟನ್ ಯಂತ್ರದ ಡಿಸ್ಚಾರ್ಜ್ ವಾಲ್ವು ಹೊರಗಿನ ಒತ್ತಡಕ್ಕೆ ತಕ್ಕಂತೆ ತಾನೇ ತೆರೆದುಕೊಳ್ಳುತ್ತದೆ. ಸ್ಕ್ರೂ ಯಂತ್ರದಲ್ಲಿ ಹೊರದ್ವಾರದ ಜಾಗವೇ ಸಂಪೀಡನ ಎಲ್ಲಿ ಮುಗಿಯಬೇಕೆಂದು ನಿರ್ಧರಿಸುತ್ತದೆ; ಇದನ್ನು ಅಂತರ್ಗತ ಘನಗಾತ್ರ ಅನುಪಾತ ಎನ್ನಬಹುದು. ಅದು 3.6 ಇರುವ ಯಂತ್ರ ಸುಮಾರು 5.3ರ ಒತ್ತಡದ ಅನುಪಾತಕ್ಕೆ, ಅಂದರೆ ಬೇಸಿಗೆಯ 40 ಡಿಗ್ರಿ ಕಂಡೆನ್ಸರಿಗೆ ಒಪ್ಪುತ್ತದೆ. ತಂಪಾದ ರಾತ್ರಿಯಲ್ಲಿ ಕಂಡೆನ್ಸರ್ 25 ಡಿಗ್ರಿಗೆ ಇಳಿದರೆ ಒತ್ತಡ ಸುಮಾರು 10 ಬಾರ್, ಅನುಪಾತ 3.45. ಯಂತ್ರ ಮಾತ್ರ ಅನಿಲವನ್ನು 15 ಬಾರಿನವರೆಗೆ ಒತ್ತಿ, ಆಮೇಲೆ 10 ಬಾರಿಗೆ ಬಿಟ್ಟುಕೊಡುತ್ತದೆ. ತೈಲದ ಪ್ರಭಾವವನ್ನು ಬದಿಗಿಟ್ಟು ಆದರ್ಶ ಅನಿಲದ ಲೆಕ್ಕ ಹಾಕಿದರೆ ಈ ಅತಿಸಂಪೀಡನದ ನಷ್ಟ ಸುಮಾರು ಶೇ 6. ಘನಗಾತ್ರ ಅನುಪಾತ 2.6 ಇರುವ ಯಂತ್ರವನ್ನು ತಂದರೆ ರಾತ್ರಿಯ ನಷ್ಟ ತಪ್ಪುತ್ತದೆ, ಆದರೆ ಬೇಸಿಗೆಯ ಹಗಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ನಷ್ಟ ಎದುರಾಗುತ್ತದೆ. ಆದ್ದರಿಂದ ಋತುಮಾನದ ವ್ಯತ್ಯಾಸ ದೊಡ್ಡದಿರುವಲ್ಲಿ ಈ ಅನುಪಾತವನ್ನು ಓಡುವಾಗಲೇ ಬದಲಿಸಬಲ್ಲ ಮಾದರಿಯನ್ನೇ ಆರಿಸಬೇಕು.

ಕಂಡೆನ್ಸರ್ 40ರಿಂದ 25 ಡಿಗ್ರಿಗೆ ಇಳಿದರೆ ಆದರ್ಶ ಚಕ್ರದಲ್ಲಿ ಪ್ರತಿ ಟನ್ ಶೀತಕ್ಕೆ ಬೇಕಾದ ಶಕ್ತಿ ಸುಮಾರು 0.83 ಕಿಲೋವ್ಯಾಟಿನಿಂದ 0.54ಕ್ಕೆ ತಗ್ಗುತ್ತದೆ, ಅಂದರೆ ಮೂರನೇ ಒಂದು ಪಾಲಿಗೂ ಹೆಚ್ಚು. ಕಂಪ್ರೆಸರ್ ಬದಲಿಸುವ ಮುನ್ನ ಕಂಡೆನ್ಸರಿನ ಕೊಳವೆಗಳಲ್ಲಿ ಕಟ್ಟಿದ ಸುಣ್ಣವನ್ನು ತೆಗೆಯುವುದು, ಸೇರಿಕೊಂಡ ಗಾಳಿಯನ್ನು ಹೊರಹಾಕುವುದು ಎಷ್ಟು ಮುಖ್ಯವೆಂದು ಈ ಅಂಕಿಗಳೇ ಹೇಳುತ್ತವೆ.

3. ಅರೆಹೊರೆಯ ಓಟ

ಎಂಟು ಸಿಲಿಂಡರುಗಳ ಪಿಸ್ಟನ್ ಯಂತ್ರದಲ್ಲಿ ಸಕ್ಷನ್ ವಾಲ್ವುಗಳನ್ನು ಎತ್ತಿಹಿಡಿದು ಜೋಡಿ ಜೋಡಿಯಾಗಿ ಸಿಲಿಂಡರುಗಳನ್ನು ಅನ್‌ಲೋಡ್ ಮಾಡಬಹುದು. ಆಗ ವಿದ್ಯುತ್ತು ಬಹುಮಟ್ಟಿಗೆ ಹೊರೆಯ ಜೊತೆಗೇ ಇಳಿಯುತ್ತದೆ. ಸ್ಕ್ರೂ ಯಂತ್ರದ ಸ್ಲೈಡ್ ವಾಲ್ವು ಸಾಮರ್ಥ್ಯವನ್ನು ಶೇ 10ರವರೆಗೂ ನಯವಾಗಿ ಇಳಿಸಬಲ್ಲದು, ಆದರೆ ವಿದ್ಯುತ್ತು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಕಂಡೆನ್ಸರಿನ ಒತ್ತಡ ತಗ್ಗದೆ ಉಳಿದಾಗ ಅರ್ಧ ಹೊರೆಯಲ್ಲಿ ಪೂರ್ಣ ವಿದ್ಯುತ್ತಿನ ಶೇ 60ಕ್ಕಿಂತ ಹೆಚ್ಚು ಎಳೆಯುವುದು ಸಾಮಾನ್ಯ. ಮೋಟರಿನ ವೇಗವನ್ನೇ ಬದಲಿಸುವ ಡ್ರೈವ್ ಈ ಕೊರತೆಯನ್ನು ಬಹಳಷ್ಟು ನೀಗಿಸುತ್ತದೆ. ಅದರ ಬೆಲೆಯನ್ನು ಮೊದಲ ಅಂದಾಜಿನಲ್ಲೇ ಸೇರಿಸಬೇಕು.

4. ತೈಲ, ಶಾಖ, ಬಿಸಿನೀರು

ಕಂಡೆನ್ಸರ್ 40 ಡಿಗ್ರಿಯಲ್ಲಿರುವಾಗ ಪಿಸ್ಟನ್ ಯಂತ್ರದಿಂದ ಹೊರಬರುವ ಅಮೋನಿಯಾ 115 ಡಿಗ್ರಿಗೂ ಮೇಲಿರುತ್ತದೆ. ಅದರಿಂದ ಡೀಸೂಪರ್‌ಹೀಟರಿನಲ್ಲಿ ನೀರು ಕಾಯಿಸಿ ಪಾತ್ರೆ-ಪೈಪು ತೊಳೆಯಲು, ಬಾಯ್ಲರಿಗೆ ಕೊಡಲು ಬಳಸುವ ಡೇರಿಗಳಿವೆ. ಸ್ಕ್ರೂ ಯಂತ್ರದ ಅನಿಲ ಸಾಮಾನ್ಯವಾಗಿ 75ರಿಂದ 90 ಡಿಗ್ರಿಯಲ್ಲಿ ಹೊರಬರುತ್ತದೆ. ಶಾಖದ ದೊಡ್ಡ ಪಾಲು ತೈಲದೊಳಗೆ ಹೋಗಿರುತ್ತದೆ. ತೈಲದಿಂದ ಆ ಶಾಖವನ್ನು ಮರಳಿ ಪಡೆಯದಿದ್ದರೆ ಕಂಪ್ರೆಸರಿನಲ್ಲಿ ಉಳಿಸಿದ್ದನ್ನು ಬಾಯ್ಲರಿನ ಇಂಧನಕ್ಕೆ ತೆರಬೇಕಾಗುತ್ತದೆ.

ತೈಲ ತಣಿಸಲು ದ್ರವ ಅಮೋನಿಯಾವನ್ನು ಕಂಪ್ರೆಸರಿಗೇ ಚಿಮ್ಮಿಸುವ ವಿಧಾನ ಅಗ್ಗ, ಆದರೆ ದಕ್ಷತೆಯನ್ನು ತಿನ್ನುತ್ತದೆ. ಥರ್ಮೋಸೈಫನ್ ವಿಧಾನ ಮೇಲು. ಅದಕ್ಕೆ ದ್ರವದ ರಿಸೀವರು ತೈಲದ ಕೂಲರಿಗಿಂತ ಎತ್ತರದಲ್ಲಿರಬೇಕು. ಹಳೆಯ ಕಟ್ಟಡದಲ್ಲಿ ಆ ಎತ್ತರ ಸಿಗುವುದೇ ಎಂದು ಯಂತ್ರಕ್ಕೆ ಆರ್ಡರು ಕೊಡುವ ಮೊದಲೇ ಅಳೆಯಬೇಕು. ಅಮೋನಿಯಾದಲ್ಲಿ ಖನಿಜ ತೈಲ ಕರಗುವುದಿಲ್ಲ. ಹಳೆಯ ಘಟಕದ ಇವಾಪರೇಟರುಗಳ ತಳದಲ್ಲಿ ಅದು ಶೇಖರವಾಗಿ ಶಾಖ ವಿನಿಮಯಕ್ಕೆ ತಡೆಯೊಡ್ಡುತ್ತದೆ. ಅದನ್ನು ಹೊರತೆಗೆಯದೆ ಹೊಸ ಯಂತ್ರ ಕೂರಿಸಿದರೆ ಸಕ್ಷನ್ ಒತ್ತಡ ಹಿಂದಿನಂತೆಯೇ ಕೆಳಗುಳಿಯುತ್ತದೆ.

ಸ್ಕ್ರೂ ಪರವಾಗಿ ಹೇಳಬೇಕಾದ ಮಾತುಗಳೂ ಇವೆ. ಸಕ್ಷನ್ನಿನಲ್ಲಿ ದ್ರವ ನುಗ್ಗಿದರೆ ಪಿಸ್ಟನ್ ಯಂತ್ರದ ವಾಲ್ವಿನ ತಟ್ಟೆಗಳು ಮುರಿಯುತ್ತವೆ. ಸ್ಕ್ರೂ ಅದನ್ನು ಹೆಚ್ಚು ತಾಳಿಕೊಳ್ಳುತ್ತದೆ. ಕಂಪನ ಕಡಿಮೆ, ಸವೆಯುವ ಬಿಡಿಭಾಗ ಕಡಿಮೆ, ಓವರ್‌ಹಾಲಿನ ಅಂತರ ಹೆಚ್ಚು. ಆದರೆ ಪಿಸ್ಟನ್, ರಿಂಗು, ವಾಲ್ವುಗಳನ್ನು ಡೇರಿಯ ಫಿಟ್ಟರುಗಳೇ ಬದಲಿಸಬಲ್ಲರು. ರೋಟರು ಮತ್ತು ಬೇರಿಂಗಿನ ಕೆಲಸಕ್ಕೆ ಹೆಚ್ಚಾಗಿ ತಯಾರಕರ ತಜ್ಞರೇ ಬರಬೇಕಾಗುತ್ತದೆ.

5. ಸುರಕ್ಷತೆ

ಅಮೋನಿಯಾ ವಿಷಾನಿಲ, ಗಾಳಿಯಲ್ಲಿ ಸುಮಾರು ಶೇ 15ರಿಂದ 28ರಷ್ಟು ಬೆರೆತಾಗ ಹೊತ್ತಿಕೊಳ್ಳಬಲ್ಲದು. ಹಳೆಯ ಪೈಪು ಕತ್ತರಿಸುವ ಮುನ್ನ ಅನಿಲವನ್ನು ಪೂರ್ತಿ ಹೊರತೆಗೆದು ನೈಟ್ರೋಜನ್ ಹಾಯಿಸಬೇಕು. ಜೋಡಣೆಯ ನಂತರ ಒತ್ತಡದ ಪರೀಕ್ಷೆ, ನಿರ್ವಾತದ ಪರೀಕ್ಷೆ ಎರಡೂ ಕಡ್ಡಾಯ. ಹಾಲು ಕೆಟ್ಟೀತೆಂಬ ಅವಸರದಲ್ಲಿ ಇವುಗಳಲ್ಲಿ ಯಾವುದನ್ನೂ ಬಿಡಬಾರದು.

6. ಉಪಸಂಹಾರ

ದಿನವಿಡೀ ಪೂರ್ಣ ಹೊರೆಯ ಹತ್ತಿರ ಓಡುವ ಪಾಲಿಗೆ ಸ್ಕ್ರೂ ಕಂಪ್ರೆಸರೇ ಯೋಗ್ಯ. ಏರಿಳಿಯುವ ಪಾಲಿಗೆ ಸುಸ್ಥಿತಿಯಲ್ಲಿರುವ ಹಳೆಯ ಪಿಸ್ಟನ್ ಯಂತ್ರವನ್ನು ಉಳಿಸಿಕೊಳ್ಳಬೇಕು. ಅದು ಸಾಧ್ಯವಿಲ್ಲದಿದ್ದರೆ ವೇಗ ಬದಲಿಸುವ ಡ್ರೈವುಳ್ಳ ಸ್ಕ್ರೂ ಯಂತ್ರವನ್ನು ಹಾಕಬೇಕು. ಟೆಂಡರು ಕರೆಯುವ ಮೊದಲು ಬೇಸಿಗೆ, ಮಳೆ, ಚಳಿ ಮೂರೂ ಕಾಲಗಳ ಸಕ್ಷನ್ ಒತ್ತಡ, ಡಿಸ್ಚಾರ್ಜ್ ಒತ್ತಡ ಮತ್ತು ಮೋಟರಿನ ವಿದ್ಯುತ್ತನ್ನು ತಾಸು ತಾಸಿಗೂ ಬರೆದಿಡಬೇಕು. ಕ್ಯಾಟಲಾಗು ತೋರಿಸುವುದು ಪೂರ್ಣ ಹೊರೆಯ ಒಂದು ಬಿಂದುವನ್ನು. ಡೇರಿ ಬಿಲ್ಲು ಕಟ್ಟುವುದು ವರ್ಷದ ಎಲ್ಲ ತಾಸುಗಳಿಗೆ. ರೈತರ ಹಾಲಿನ ದುಡ್ಡಿನಿಂದ ನಡೆಯುವ ಸಂಸ್ಥೆಗಳು ಈ ದಾಖಲೆ ಕೈಯಲ್ಲಿಲ್ಲದೆ ಯಂತ್ರ ಬದಲಾವಣೆಗೆ ಒಪ್ಪಿಗೆ ನೀಡಬಾರದು.