ಹದಿಹರೆಯದ ಮೊಡವೆಗೆ ಮುಖದ ಹುಳವೇ ಕಾರಣವೇ? ಹುಳ ಸಾಯಿಸುವ ಕ್ರೀಮ್ ಹಚ್ಚಬಹುದೇ?

ಮುಖದ ಚರ್ಮದಲ್ಲಿ ಹುಳಗಳಿವೆ, ಅವನ್ನು ಕೊಂದರೆ ಮೊಡವೆ ಮಾಯವಾಗುತ್ತದೆ ಎಂಬ ಮಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಹುಳ ಇರುವುದು ನಿಜವೇ?
ನಿಜ. ಇದರ ಹೆಸರು ಡೆಮೊಡೆಕ್ಸ್. ಪುರವರ, ಮಧುಗಿರಿ, ಕೊರಟಗೆರೆ ಕಡೆಯ ತೆಂಗು ಬೆಳೆಗಾರರಿಗೆ ಕಾಯಿ ಕೆಡಿಸುವ ನುಸಿ ಗೊತ್ತು. ಡೆಮೊಡೆಕ್ಸ್ ಕೂಡ ನುಸಿಯೇ, ಆದರೆ ಜಾತಿ ಬೇರೆ. ಉದ್ದ ಸುಮಾರು 0.3 ಮಿಲಿಮೀಟರ್, ಕೂದಲ ಬುಡದಲ್ಲಿ, ಎಣ್ಣೆ ಗ್ರಂಥಿಗಳಲ್ಲಿ ವಾಸ. ವಯಸ್ಸಾದಂತೆ ಹೆಚ್ಚುತ್ತದೆ, ದೊಡ್ಡವರಲ್ಲಿ ಬಹುತೇಕ ಎಲ್ಲರಲ್ಲೂ ಇರುತ್ತದೆ. ಇದು ಕೊಳಕಿನ ಗುರುತಲ್ಲ.

ಹಾಗಾದರೆ ಮೊಡವೆಗೆ ಅದೇ ಕಾರಣವೇ?
ಸಾಮಾನ್ಯವಾಗಿ ಅಲ್ಲ. ಹಾಗಿದ್ದರೆ ಅಜ್ಜಿ-ತಾತಂದಿರ ಮುಖದಲ್ಲೇ ಮೊಡವೆ ಹೆಚ್ಚಿರಬೇಕಿತ್ತು. ಹದಿಹರೆಯದಲ್ಲಿ ಹಾರ್ಮೋನುಗಳಿಂದ ಎಣ್ಣೆಯಂಶ ಹೆಚ್ಚಿ, ರಂಧ್ರ ಮುಚ್ಚಿ, ಬ್ಯಾಕ್ಟೀರಿಯಾ ಬೆಳೆದು ಮೊಡವೆ ಏಳುತ್ತದೆ. ಕೆಲವರಲ್ಲಿ ಮಾತ್ರ ನುಸಿ ಅತಿಯಾಗಿ ಮೊಡವೆಯಂಥದೇ ಗುಳ್ಳೆ ಬರುತ್ತದೆ. ತುರಿಕೆ, ಕೆಂಪು, ಒರಟು ಹೊಟ್ಟು ಇದ್ದು, ಕಪ್ಪು-ಬಿಳಿ ಚುಕ್ಕೆ ಇಲ್ಲದಿದ್ದರೆ ವೈದ್ಯರು ಇದನ್ನು ಅನುಮಾನಿಸುತ್ತಾರೆ. ಚರ್ಮದ ಮೇಲ್ಪದರವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಳಿಯುತ್ತದೆ.

ಏನು ಹಚ್ಚಬೇಕು?
ಸಾಮಾನ್ಯ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್ ಮೊದಲ ಸಾಲಿನ ಔಷಧಗಳು. ಫಲ ಕಾಣಲು 6ರಿಂದ 12 ವಾರ ಬೇಕು. ಮೊದಮೊದಲು ಚರ್ಮ ಒಣಗಬಹುದು, ಉರಿಯಬಹುದು. ಬೆಂಜಾಯಿಲ್ ಪೆರಾಕ್ಸೈಡ್ ತಗುಲಿದರೆ ಬಟ್ಟೆಯ ಬಣ್ಣ ಹೋಗುತ್ತದೆ. ಗರ್ಭಿಣಿಯರು ಅಡಾಪಲೀನ್ ಬಳಸಬಾರದು. ನುಸಿ ಖಚಿತವಾದರೆ ಐವರ್ಮೆಕ್ಟಿನ್ ಅಥವಾ ಪರ್ಮೆಥ್ರಿನ್ ಕ್ರೀಮನ್ನು ವೈದ್ಯರೇ ಬರೆದುಕೊಡುತ್ತಾರೆ. ಕಜ್ಜಿಗೆ ತಂದಿಟ್ಟ ಔಷಧವನ್ನೋ ತೋಟಕ್ಕೆ ಹೊಡೆಯುವ ನುಸಿನಾಶಕವನ್ನೋ ಮುಖಕ್ಕೆ ಮುಟ್ಟಿಸಬೇಡಿ.

ನಿಜವಾದ ಅಪಾಯ ಎಲ್ಲಿದೆ?
ಬೆಳ್ಳಗಾಗಲು, ಮೊಡವೆ ಇಳಿಯಲು ಎಂದು ಚೀಟಿಯಿಲ್ಲದೆ ತರುವ ಸ್ಟಿರಾಯ್ಡ್ ಕ್ರೀಮಿನಲ್ಲಿ. ಎರಡು ದಿನ ಕೆಂಪು ಇಳಿದು ಮುಖ ತಿಳಿಯಾಗಿ ಕಾಣುತ್ತದೆ. ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಮತ್ತಷ್ಟು ಏಳುತ್ತದೆ, ಚರ್ಮದ ರಕ್ಷಣೆ ಕುಂದಿ ಡೆಮೊಡೆಕ್ಸ್ ಕೂಡ ಹೆಚ್ಚಬಹುದು. ಅಂದರೆ ಹುಳಕ್ಕೆ ಹೆದರಿ ಹಚ್ಚಿದ ಕ್ರೀಮೇ ಹುಳವನ್ನು ಬೆಳೆಸಬಹುದು! ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂದಿದೆಯೇ ನೋಡಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ವೈದ್ಯರನ್ನು ಕೇಳಿ ಬಿಡಿ. ಒಮ್ಮೆಲೇ ಬಿಟ್ಟರೆ ಉರಿ, ಕೆಂಪು ಮರುಕಳಿಸಬಹುದು.

ಯಾರನ್ನು ಕೇಳಬೇಕು?
ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಮೊಬೈಲಿನಲ್ಲೇ ಇ-ಸಂಜೀವನಿ ಮೂಲಕ ಉಚಿತವಾಗಿ ವೈದ್ಯರೊಂದಿಗೆ ಮಾತನಾಡಬಹುದು. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ.

ನಮ್ಮ ತೀರ್ಮಾನ: ಹುಳ ಇರುವುದು ನಿಜ, ಎಲ್ಲ ಮೊಡವೆಗೂ ಅದೇ ಕಾರಣ ಎನ್ನುವುದು ತಪ್ಪು. ಕ್ರೀಮಿನ ಹೆಸರಿರುವ ಫಾರ್ವರ್ಡ್ ಬಂದರೆ ಮುಂದೆ ಕಳಿಸುವ ಮುನ್ನ ಇದನ್ನು ನೆನಪಿಡಿ.