ಪ್ರಾಸ್ಟೇಟ್ ತೊಂದರೆಗಳು: ಹಿರಿಯರು ಮುಚ್ಚಿಡುವ ಕಾಯಿಲೆಯ ಬಗ್ಗೆ ಕೆಲವು ಮಾಹಿತಿ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಂತೆ ಇರುತ್ತದೆ. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವದ ಒಂದಂಶವನ್ನು ತಯಾರಿಸುವುದು ಇದರ ಕೆಲಸ. ನಾಳವು ಗ್ರಂಥಿಯ ನಡುವಿನಿಂದಲೇ ಹಾದುಹೋಗುವುದರಿಂದ ಗ್ರಂಥಿ ಉಬ್ಬಿದರೆ ಮೂತ್ರದ ದಾರಿ ಇಕ್ಕಟ್ಟಾಗುತ್ತದೆ.

ಐವತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣುವುದು ವಯಸ್ಸಿನ ಜೊತೆ ಬರುವ ಸಾಮಾನ್ಯ ಊತ. ರಾತ್ರಿ ಮೂರು ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು, ಶುರುವಾಗಲು ತಡವಾಗುವುದು, ಹೋಗಿ ಬಂದರೂ ಉಳಿದಂತೆ ಅನಿಸುವುದು ಇದರ ಲಕ್ಷಣಗಳು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಟ್ಯಾಮ್ಸುಲೋಸಿನ್ ಮಾತ್ರೆ ಕೆಲವೇ ದಿನಗಳಲ್ಲಿ ಧಾರೆಯನ್ನು ಸರಾಗ ಮಾಡುತ್ತದೆ. ಆದರೆ ಹಾಸಿಗೆಯಿಂದ ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಫಿನಾಸ್ಟರೈಡ್ ಗ್ರಂಥಿಯನ್ನು ಕುಗ್ಗಿಸುತ್ತದೆ, ಅದಕ್ಕೆ ಆರು ತಿಂಗಳಾದರೂ ಬೇಕು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಸೇವೆ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಭೀಮಾ ತೀರದ ಸನ್ನತಿಯಿಂದ ಶಹಾಬಾದಿನವರೆಗೆ ಸುಣ್ಣಕಲ್ಲಿನ ನೆಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟರೆ ಇಂಥ ಸೆಕೆಯಲ್ಲಿ ಮೂತ್ರದ ಕಲ್ಲು, ಸೋಂಕು ಎರಡಕ್ಕೂ ದಾರಿಯಾಗುತ್ತದೆ. ಹಗಲು ಚೆನ್ನಾಗಿ ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿದರೆ ಸಾಕು. ಗ್ರಂಥಿ ಊದಿಕೊಂಡವರು ನೆಗಡಿಗೆ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಬಾರದು. ಅಂಥ ಕೆಲವು ಮಾತ್ರೆಗಳಿಂದ ಮೂತ್ರ ಪೂರ್ತಿ ಕಟ್ಟಿಬಿಡುವುದುಂಟು. ಹೊಟ್ಟೆಯ ಕೆಳಭಾಗ ಬಿಗಿದು ಒಂದು ಹನಿಯೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಸೋಂಕಿನಿಂದಲೂ ಗ್ರಂಥಿ ಬಾಯುತ್ತದೆ. ಚಳಿಜ್ವರ, ಉರಿಮೂತ್ರ, ತೊಡೆಸಂದಿನಲ್ಲಿ ನೋವು ಇರುತ್ತದೆ. ಯುವಕರಿಗೂ ಬರಬಹುದು. ವೈದ್ಯರು ಹೇಳಿದಷ್ಟು ವಾರ ಔಷಧ ಮುಗಿಸಬೇಕು.

ಇನ್ನು ಕ್ಯಾನ್ಸರ್. ಇದು ಬಹುಮಟ್ಟಿಗೆ ಗ್ರಂಥಿಯ ಹೊರಭಾಗದಲ್ಲಿ, ನಾಳದಿಂದ ದೂರದಲ್ಲಿ ಹುಟ್ಟುತ್ತದೆ. ಆದ್ದರಿಂದಲೇ ಆರಂಭದಲ್ಲಿ ಮೂತ್ರಕ್ಕೆ ಯಾವ ತೊಂದರೆಯೂ ಇರದು. ಹರಡುವಾಗ ಮೊದಲು ಹೋಗುವುದು ಹೆಚ್ಚಾಗಿ ಮೂಳೆಗಳಿಗೆ: ಬೆನ್ನುಹುರಿಯ ಎಲುಬು, ಸೊಂಟ. ಕಲ್ಲಿನ ಗಣಿಯಲ್ಲೋ ಸಿಮೆಂಟ್ ಕಾರ್ಖಾನೆಯಲ್ಲೋ ದುಡಿದ ಅರವತ್ತೈದರ ಮನುಷ್ಯನಿಗೆ ಸೊಂಟ ನೋಯುತ್ತದೆ ಎಂದರೆ ಮನೆಯವರು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಮಲಗಿದಾಗಲೂ ಬಿಡದ, ವಾರಗಳು ಕಳೆದರೂ ಇಳಿಯದ ನೋವಾದರೆ ಪ್ರಾಸ್ಟೇಟನ್ನೂ ಪರೀಕ್ಷಿಸಲು ವೈದ್ಯರನ್ನು ಕೇಳಿ. ಜೊತೆಗೆ ಕಾಲಿನ ಶಕ್ತಿ ಕುಂದಿದರೆ ಅದು ತುರ್ತು ಸ್ಥಿತಿ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡರೂ ತೋರಿಸಬೇಕು.

ಪರೀಕ್ಷೆ ಎರಡು: ವೈದ್ಯರು ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುವುದು, ಮತ್ತು ಪಿ.ಎಸ್.ಎ. ರಕ್ತ ಪರೀಕ್ಷೆ. ಮೊದಲನೆಯದಕ್ಕೆ ಹಿರಿಯರು ನಾಚುತ್ತಾರೆ. ಅದು ಅರ್ಧ ನಿಮಿಷದ ಕೆಲಸ. ಪಿ.ಎಸ್.ಎ. 4 ದಾಟಿತೆಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ, ಸಾಮಾನ್ಯ ಊತ ಮತ್ತು ಸೋಂಕಿನಲ್ಲೂ ಏರುತ್ತದೆ. ಫಿನಾಸ್ಟರೈಡ್ ತೆಗೆದುಕೊಳ್ಳುವವರಲ್ಲಿ ಅಂಕಿ ಅರ್ಧಕ್ಕಿಳಿದಿರುವುದರಿಂದ ಆ ಮಾತ್ರೆಯ ವಿಷಯ ತಪ್ಪದೆ ಹೇಳಬೇಕು. ಖಚಿತವಾಗುವುದು ಬಯಾಪ್ಸಿಯಿಂದಲೇ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಇದ್ದಲ್ಲಿ 45ಕ್ಕೇ, ಇತರರು 50ರ ನಂತರ ಪರೀಕ್ಷೆ ಬೇಕೇ ಎಂದು ವೈದ್ಯರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು.

ಈ ಭಾಗದವರಿಗೆ ಕಲಬುರಗಿಯಲ್ಲೇ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖಾ ಕ್ಯಾನ್ಸರ್ ಕೇಂದ್ರ ಇವೆ. ಇ.ಎಸ್.ಐ. ಕಾರ್ಡುಳ್ಳ ಕೆಲಸಗಾರರಿಗೆ ಅಲ್ಲಿನ ಇ.ಎಸ್.ಐ.ಸಿ. ಆಸ್ಪತ್ರೆ ಇದೆ. ಬಿ.ಪಿ.ಎಲ್. ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಚೀಟಿ ಮಾಡಿಸಲು, ಸಾಲಿನಲ್ಲಿ ನಿಲ್ಲಲು ಜೊತೆಗೊಬ್ಬರು ಹೋದರೆ ಅದೇ ದೊಡ್ಡ ಉಪಕಾರ.

ನಿಧಾನವಾಗಿ ಬೆಳೆಯುವ ಕ್ಯಾನ್ಸರನ್ನು ಕೆಲವೊಮ್ಮೆ ಪರೀಕ್ಷೆ ಮಾಡುತ್ತಾ ಬರೀ ಗಮನಿಸುತ್ತಾರೆ. ಗ್ರಂಥಿಯೊಳಗೇ ಇದ್ದರೆ ಶಸ್ತ್ರಕ್ರಿಯೆ ಅಥವಾ ವಿಕಿರಣ. ಹರಡಿದ್ದರೆ ಗಂಡು ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆ; 1941ರಲ್ಲಿ ಇದರ ಪರಿಣಾಮವನ್ನು ತೋರಿಸಿದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಇದಕ್ಕೆ ಚುಚ್ಚುಮದ್ದುಗಳಿವೆ, ಇಲ್ಲವೇ ವೃಷಣ ತೆಗೆಯುವ ಕಡಿಮೆ ಖರ್ಚಿನ ಸಣ್ಣ ಶಸ್ತ್ರಕ್ರಿಯೆ ಇದೆ. ಯಾವುದನ್ನು ಆರಿಸಿಕೊಳ್ಳುವುದೆಂದು ರೋಗಿಯ ಎದುರಿಗೇ ಚರ್ಚೆಯಾಗಬೇಕು, ಮಕ್ಕಳೊಡನೆ ಮಾತ್ರ ಅಲ್ಲ.

ಮೂತ್ರನಾಳದ ಮೂಲಕ ಊದಿದ ಭಾಗವನ್ನು ಕೆರೆದು ತೆಗೆಸಿಕೊಂಡವರು ಪ್ರಾಸ್ಟೇಟೇ ಹೋಯಿತು ಎಂದು ಭಾವಿಸುವುದುಂಟು. ಹೊರಭಾಗ ಅಲ್ಲೇ ಉಳಿದಿರುತ್ತದೆ. ಅವರಿಗೂ ಮುಂದೆ ಕ್ಯಾನ್ಸರ್ ಬರಬಹುದಾದ್ದರಿಂದ ಹಳೆಯ ವರದಿಗಳನ್ನು ಜೋಪಾನವಾಗಿಟ್ಟು ಪ್ರತಿ ಸಲ ತೋರಿಸಬೇಕು.